ಟೀಚರ್, ಇವತ್ತು ಪಾಠ ಉಂಟಾ?

(ಉಡುಪಿ ಹತ್ತಿರದ ಸರ್ಕಾರಿ ಶಾಲೆಯೊಂದರ ಹಳೆ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಾನು ಆಡಿದ ಮಾತು ಇದು. ಅಲ್ಲಿ ಅತ್ತಿತ್ತ ಹೋದದ್ದನ್ನು ಬರೆಯುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಜನ ಬರುತ್ತೀರಿ ಅಂತ ಎಣಿಸಿರಲಿಲ್ಲ. ಆಮಂತ್ರಣ ಪತ್ರದಲ್ಲಿ ನನ್ನ ವಿಷಯ ‘ಸರ್ಕಾರಿ ಶಾಲಾ ಶಿಕ್ಷಕರ ಮುಂದಿರುವ ಸವಾಲುಗಳು’ ಅಂತ ಅಚ್ಚು ಹಾಕಿಸಿದ್ದಾರೆ. ಸವಾಲು ಅಂದ್ರೆ ಕುಸ್ತಿಗೆ ಕರೆದ ಹಾಗೆ ಕೇಳಿಸುತ್ತದೆ. ನಾನು ಕುಸ್ತಿ ಮಾಡಿದವಳಲ್ಲ. 32 ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ, ಅದರಲ್ಲಿ ಕೊನೆಯ ಒಂಬತ್ತು ವರ್ಷ ಮುಖ್ಯ ಶಿಕ್ಷಕಿ. ಈಗ ನಿವೃತ್ತಿ ಆಗಿದೆ. ಇನ್ನು ನೋಟಿಸ್ ಬರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಧೈರ್ಯದಿಂದ ಮಾತಾಡುತ್ತೇನೆ.

ಒಂದು ದಿನದ ಕತೆಯಿಂದ ಶುರು ಮಾಡುವಾ.

ಮೂರನೇ ಕ್ಲಾಸಿನ ಒಬ್ಬ ಹುಡುಗ. ಅವನಿಗೆ ಕಳೆಯುವ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅಂದ್ರೆ, ಒಂಬತ್ತರಲ್ಲಿ ನಾಲ್ಕು ಕಳೆ ಅಂದ್ರೆ ಕಳೆಯುತ್ತಿದ್ದ. 42ರಲ್ಲಿ 17 ಕಳೆ ಅಂದ್ರೆ ಎರಡರಿಂದ ಏಳು ಹೋಗುವುದಿಲ್ಲವಲ್ಲ, ಅಲ್ಲಿಗೆ ನಿಂತುಬಿಡುತ್ತಿದ್ದ. ಅವನ ಮಟ್ಟಿಗೆ ಅದು ನ್ಯಾಯವೇ. ಇಲ್ಲದ್ದನ್ನು ಹೇಗೆ ಕೊಡುವುದು? ನಾನು ಮನೆಯಿಂದ ಹಿಡಿಸೂಡಿ ಕಡ್ಡಿ ತಂದೆ. ಹತ್ತತ್ತು ಕಡ್ಡಿ ಸೇರಿಸಿ ರಬ್ಬರ್ ಹಾಕಿ ಕಟ್ಟು ಮಾಡಿದೆ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದೆ ಇಟ್ಟೆ. ‘ನನಗೆ 17 ಕಡ್ಡಿ ಕೊಡು’ ಅಂದೆ. ಒಂದು ಕಟ್ಟು ಕೊಟ್ಟ. ಆಮೇಲೆ ಎರಡು ಬಿಡಿ ಕಡ್ಡಿ ಕೊಟ್ಟ. ಇನ್ನೂ ಐದು ಬೇಕು. ಸುಮ್ನೆ ಕೂತೆ. ಅವನು ಕಟ್ಟನ್ನು ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಟ್ಟನ್ನು ನೋಡಿದ. ಮೆಲ್ಲ ಬೆರಳು ರಬ್ಬರಿನ ಕೆಳಗೆ ಹೋಯಿತು.

ಅಷ್ಟರಲ್ಲಿ ಫೋನ್. ಶೌಚಾಲಯದ ಫೋಟೋ 12 ಗಂಟೆಯೊಳಗೆ ಗ್ರೂಪಿಗೆ ಹಾಕಬೇಕು, ತುರ್ತು, ನಿಮ್ಮ ಶಾಲೆಯದ್ದು ಮಾತ್ರ ಬಾಕಿ.

ನಾನು ಎದ್ದು ಹೋದೆ. ಬಾಗಿಲು ಹಾಕಿ ಒಂದು, ತೆರೆದು ಒಂದು, ನಳ್ಳಿಯಲ್ಲಿ ನೀರು ಬರುವಾಗ ಒಂದು. ನೆಟ್‌ವರ್ಕ್ ಇಲ್ಲದೆ ಧ್ವಜಕಟ್ಟೆ ಹತ್ತಿರ ಹೋಗಿ ಫೋಟೋ ಕಳಿಸಿ ವಾಪಸ್ ಬರುವಾಗ 20 ನಿಮಿಷ ಆಗಿತ್ತು. ಕ್ಲಾಸಿನಲ್ಲಿ ನಾಲ್ಕೂ ಕಟ್ಟು ಬಿಚ್ಚಿ ಆಗಿತ್ತು. ಕಡ್ಡಿಗಳೆಲ್ಲ ಬಿಲ್ಲು ಬಾಣ. ನಮ್ಮ ಹುಡುಗನೂ ಯುದ್ಧದಲ್ಲಿ ಇದ್ದ. ಅವನದ್ದೇನು ತಪ್ಪು? ಆದರೆ ಆ ಬೆರಳು ರಬ್ಬರಿನ ಕೆಳಗೆ ಹೋಗಿತ್ತಲ್ಲ, ಆ ಒಂದು ಕ್ಷಣಕ್ಕೆ ನಾನು ಎಂಟು ದಿನ ಕಾದಿದ್ದೆ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವನೇ ಬಂದು ಕೇಳಿದ, ‘ಟೀಚರ್, ಇವತ್ತು ಪಾಠ ಉಂಟಾ?’

ಅವನು ಕೊಂಕಿನಿಂದ ಕೇಳಿದ್ದಲ್ಲ. ಮಳೆ ಉಂಟಾ, ಬಸ್ ಉಂಟಾ ಅಂತ ಕೇಳುವ ಹಾಗೆ ಕೇಳಿದ. ನನಗೆ ಮಾತ್ರ ಅದು ಇವತ್ತಿಗೂ ಹೋಗಿಲ್ಲ. ನಮ್ಮ ಸವಾಲು ಏನು ಅಂತ ಯಾರು ಕೇಳಿದರೂ ಆ ಪ್ರಶ್ನೆಯೇ ನೆನಪಾಗುತ್ತದೆ.

ಒಂದು ಊರಿನಲ್ಲಿ ಸರ್ಕಾರ ಅಂತ ದಿನಾ ಕಣ್ಣಿಗೆ ಕಾಣುವ ಮನುಷ್ಯ ಯಾರು ಹೇಳಿ? ಗ್ರಾಮ ಆಡಳಿತ ಅಧಿಕಾರಿಗೆ ಎರಡು ಮೂರು ಗ್ರಾಮ ಇರುತ್ತದೆ. ಪೊಲೀಸರು ಗಲಾಟೆ ಆದರೆ ಬರುತ್ತಾರೆ. ದಿನಾ ಊರಲ್ಲೇ ಸಿಗುವವರು ಟೀಚರ್, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ. ಹಾಗಾಗಿ ಮೇಲಿಂದ ಏನೇ ಬಂದರೂ ಈ ಮೂವರ ತಲೆಗೇ ಬಂದು ಕೂರುತ್ತದೆ. ಮತ್ತೊಂದು ವಿಷಯ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗೆ ಗುಮಾಸ್ತ ಇಲ್ಲ. ಜವಾನ ಇಲ್ಲ. ಹೈಸ್ಕೂಲಿಗಾದರೆ ಆ ಹುದ್ದೆ ಉಂಟು. ನಮ್ಮಲ್ಲಿ ಗಂಟೆ ಹೊಡೆಯುವವರೂ ನಾವೇ, ಕ್ಯಾಶ್ ಪುಸ್ತಕ ಬರೆಯುವವರೂ ನಾವೇ. ಎಸ್‌ಎಟಿಎಸ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಮಕ್ಕಳ ಹಾಜರಿ, ಯು-ಡೈಸ್ ಅನ್ನುವ ಇನ್ನೊಂದರಲ್ಲಿ ಶಾಲೆಯ ಕಿಟಕಿ ಬಾಗಿಲಿನ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಪ್ರತಿ ಮಗುವಿಗೂ ಅಪಾರ್ ಐಡಿ ಅನ್ನುವ ಗುರುತಿನ ನಂಬರ್. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಅಪಾರ್ ಆಗುವುದಿಲ್ಲ. ಇಂಗ್ಲಿಷಿನ ಒಂದು ‘ಎಚ್’ ಅಕ್ಷರಕ್ಕೋಸ್ಕರ ಒಬ್ಬ ತಾಯಿ ಬೀಡಿ ಕಟ್ಟುವ ಕೆಲಸ ಬಿಟ್ಟು ಮೂರು ಸಲ ಪೇಟೆಗೆ ಹೋಗಿ ಬಂದದ್ದನ್ನು ನಾನು ನೋಡಿದ್ದೇನೆ. ಮೂರೂ ಸಲ ಬೈಗುಳ ತಿಂದದ್ದು ನಾನು.

2025-26ರಿಂದ ಪ್ರತಿ ಪಾಠ ಮುಗಿದ ಮೇಲೆ ಪಾಠ ಆಧಾರಿತ ಮೌಲ್ಯಮಾಪನ ಅಂತ ಬಂತು. ಪರೀಕ್ಷೆ ಮಾಡುವುದು ತಪ್ಪಲ್ಲ, ನಾವು ಮೊದಲಿಂದಲೂ ಮಾಡುತ್ತಿದ್ದೆವು. ಮಗುವಿಗೆ ಬಂತಾ ಇಲ್ವಾ ಅಂತ ತಿಳಿಯಲಿಕ್ಕೆ ಮಾಡುತ್ತಿದ್ದೆವು. ಈಗ ಅಂಕ ಮೇಲೆ ಕಳಿಸಬೇಕು. ಕಳಿಸುವ ಹೊತ್ತಿಗೆ ಮುಂದಿನ ಪಾಠದ ಹೊತ್ತು ಹೋಗಿರುತ್ತದೆ.

ಕಾನೂನಿನಲ್ಲಿ ಇದಕ್ಕೆ ಬೇಲಿ ಇಲ್ಲದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿ ಉಂಟು. ಅದರ 27ನೇ ಕಲಂ ಓದಿ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಕೋಪ ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಬರೆದಿದೆ. ಓದಲಿಕ್ಕೆ ಚೆಂದ ಉಂಟು. 2025ರ ಸೆಪ್ಟೆಂಬರ್ 22ಕ್ಕೆ ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಮನೆ ಮನೆಗೆ ಹೋದದ್ದು ನಾವೇ. ಒಂದೊಂದು ಮನೆಗೆ 60 ಪ್ರಶ್ನೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕೊನೆಗೆ ಶಾಲೆಗೆ 18ರವರೆಗೆ ರಜೆ ಕೊಟ್ಟು ಸಮೀಕ್ಷೆ ಮಾಡಿಸಿದರು.

ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಯಾರ ಮನೆಯಲ್ಲಿ ಏನು ಉಂಟು, ಏನು ಇಲ್ಲ ಅಂತ ಸರ್ಕಾರಕ್ಕೆ ಗೊತ್ತಾಗಬೇಕು. ಆದರೆ ನಮ್ಮ ಕಡೆ ಮನೆಗಳು ಸಾಲಾಗಿ ಇರುವುದಿಲ್ಲವಲ್ಲ. ಒಂದು ಅಡಿಕೆ ತೋಟದ ಒಳಗೆ, ಇನ್ನೊಂದು ಗುಡ್ಡದ ಆಚೆ. ಪ್ರತಿ ಮನೆಗೂ ಒಂದು ನಾಯಿ, ಕೆಲವು ಕಡೆ ಎರಡು. ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಆಧಾರ್‌ಗೆ ಕೊಟ್ಟ ನಂಬರ್ ಮುಂಬೈಯಲ್ಲಿರುವ ಮಗನದ್ದು. ಒಟಿಪಿ ಮುಂಬೈಗೆ ಹೋಯಿತು. ಮಗ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದಾನೆ, ಮಧ್ಯಾಹ್ನದ ಊಟದ ಹೊತ್ತು, ಫೋನ್ ಎತ್ತುವುದಿಲ್ಲ. ಅಜ್ಜಿ ನನಗೆ ಬೆಲ್ಲ ನೀರು ಕೊಟ್ಟು, ‘ಪಾಪ, ಈ ಪ್ರಾಯದಲ್ಲಿ ನಿಮಗೂ ತಿರುಗುವ ಕೆಲಸ ಮಾರಾಯ್ರೇ’ ಅಂದರು. ಎರಡು ಗಂಟೆ ಅವರ ಜಗಲಿಯಲ್ಲಿ ಕೂತೆ. ಈಗ 2027ರ ಜನಗಣತಿ ಬಂದಿದೆ. ಅದು ಕಾನೂನಿನ ಒಳಗಿನದ್ದೇ, ಹಾಗಾಗಿ ಮಾತಿಲ್ಲ.

ಊಟದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಬಿಸಿಯೂಟ ಬಂದದ್ದರಿಂದ ಮಕ್ಕಳಿಗೆ ಆದ ಉಪಕಾರ ದೊಡ್ಡದು. ಹಸಿದ ಹೊಟ್ಟೆಯಲ್ಲಿ ಕಳೆಯುವ ಲೆಕ್ಕ ಆಗುವುದಿಲ್ಲ. 2013ರಲ್ಲಿ ಹಾಲು ಬಂತು, ಆಮೇಲೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್, 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ನಾನು ಇದರಲ್ಲಿ ಒಂದನ್ನೂ ತೆಗೆಯಿರಿ ಅನ್ನುವವಳಲ್ಲ. ಕುಚ್ಚಲಕ್ಕಿ ಕೊಟ್ಟರೆ ಇನ್ನೂ ಒಳ್ಳೆಯದು, ಬೆಳ್ತಿಗೆ, ಅಂದ್ರೆ ಬಿಳಿ ಅಕ್ಕಿಯ ಅನ್ನವನ್ನು ನಮ್ಮ ಮಕ್ಕಳು ಬಟ್ಟಲಲ್ಲೇ ಬಿಡುತ್ತಾರೆ. ಕಷ್ಟ ಎಲ್ಲಿ ಅಂದ್ರೆ, ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ. ಅಂಗಡಿಯಲ್ಲಿ ಮೊಟ್ಟೆಯ ರೇಟು ಲೆಕ್ಕ ಕೇಳಿ ಏರುವುದಿಲ್ಲ. ಏರಿದ್ದು ಮುಖ್ಯ ಶಿಕ್ಷಕರ ಚೀಲದಿಂದ ಹೋಗುತ್ತದೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಎಷ್ಟು ಒಡೆದದ್ದು ಅಂತ ದಿನಾ ಬರೆಯಬೇಕು. ಅಡುಗೆಯವರು ಬೆಳಗ್ಗೆ ಫೋನ್ ಮಾಡಿ ‘ಟೀಚರ್, ಇವತ್ತು ಮೈಗೆ ಹುಷಾರಿಲ್ಲ’ ಅಂದ್ರೆ ಆ ದಿನ ಸೊಪ್ಪು ಹೆಚ್ಚುವವಳು ನಾನು. ಬೇಜಾರಿಲ್ಲ, ಅಡುಗೆ ಬರುತ್ತದೆ. ಆದರೆ ಆವತ್ತು ‘ಪಾಠ ಉಂಟಾ’ ಅಂತ ಕೇಳಿದರೆ ಎಂತ ಹೇಳುವುದು?

ಇನ್ನು ಭಾಷೆಯ ವಿಷಯ. ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ಹೇಳಿದರೆ ಕ್ಷಮಿಸಿ.

ಮಲ್ಪೆ ಬಂದರಿಗೆ ಹತ್ತಿರದ ಒಂದು ಶಾಲೆಯಲ್ಲಿ ಆರು ವರ್ಷ ಇದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಿಮಗೆಲ್ಲ ಗೊತ್ತು. ದೋಣಿ ನಿಂತರೆ ಬಂದರಿನ ಕೆಲಸದವರು ಕೊಪ್ಪಳಕ್ಕೆ, ಒಡಿಶಾಕ್ಕೆ ಹೋಗುತ್ತಾರೆ. ನಮ್ಮ ಶಾಲೆ ಶುರುವಾಗುವುದು ಅದೇ ಸಮಯಕ್ಕೆ. ಆ ಮಕ್ಕಳ ಶಾಲೆ ಶುರುವಾಗುವುದು ದೋಣಿ ಇಳಿದ ಮೇಲೆ, ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಎರಡು ತಿಂಗಳ ಪಾಠ ಆಗಿಹೋಗಿರುತ್ತದೆ. ಕೆಲವರ ಹತ್ತಿರ ಟಿಸಿ ಇರುವುದಿಲ್ಲ, ಹಳೆ ಶಾಲೆಯ ಹೆಸರೂ ಅಪ್ಪನಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಪಠ್ಯಕ್ರಮ ಮಾಡುವವರ ಕ್ಯಾಲೆಂಡರಿನಲ್ಲಿ ಮೀನು ಇಲ್ಲ.

ಹಾಗೆ ಒಂದು ಆಗಸ್ಟಿನಲ್ಲಿ ಕೊಪ್ಪಳದ ಕಡೆಯ ಒಬ್ಬಳು ಹುಡುಗಿ ಎರಡನೇ ಕ್ಲಾಸಿಗೆ ಬಂದಳು. ಎದ್ದು ನಿಂತು, ‘ಅಕ್ಕಾರ್ರೀ, ಹೊರಗ ಹೋಗಿ ಬರ್ಲೇನ್ರೀ?’ ಅಂತ ಕೇಳಿದಳು. ಇಡೀ ಕ್ಲಾಸು ನಕ್ಕಿತು. ನಗುವ ಮಕ್ಕಳಲ್ಲಿ ಪುಸ್ತಕದ ಕನ್ನಡ ಮನೆಯಲ್ಲಿ ಮಾತಾಡುವವರು ಎಷ್ಟು ಜನ? 24ರಲ್ಲಿ ಇಬ್ಬರು. ಉಳಿದವರದ್ದು ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ. ಒಬ್ಬ ಒಡಿಶಾದವನು. ನಿಜ ಹೇಳುವುದಾದರೆ ಆ ಇಬ್ಬರನ್ನು ಬಿಟ್ಟರೆ ಆ ಕ್ಲಾಸಿನಲ್ಲಿ ಪಾಠಪುಸ್ತಕದ ಕನ್ನಡಕ್ಕೆ ಹತ್ತಿರ ಇದ್ದವಳು ಅವಳೇ. ನಗಿಸಿಕೊಂಡವಳೂ ಅವಳೇ.

ನಾನು ಮರುದಿನ ಬೋರ್ಡಿನಲ್ಲಿ ಒಂದರಿಂದ ಹತ್ತು ಬರೆದು ಎಲ್ಲರ ಹತ್ತಿರ ಅವರವರ ಮನೆಮಾತಿನಲ್ಲಿ ಹೇಳಿಸಿದೆ. ಒಂಜಿ, ರಡ್ಡ್, ಮೂಜಿ ಅಂತ ತುಳುವಿನವರು. ಕೊಂಕಣಿಯವರು ಏಕ್, ದೋನ್, ತೀನ್. ‘ತೀನ್’ ಬಂದ ಕೂಡಲೇ ಒಡಿಶಾದ ಹುಡುಗನ ಕಿವಿ ನಿಮಿರಿತು. ಶಾಲೆಗೆ ಬಂದ ಮೇಲೆ ಮೊದಲ ಸಲ ಅವನು ಬಾಯಿ ಬಿಟ್ಟದ್ದು ಆ ದಿನ. ಕೊಪ್ಪಳದ ಹುಡುಗಿ ದೀಪಾವಳಿ ಹೊತ್ತಿಗೆ ‘ಟೀಚರ್, ಯಾನ್ ಬತ್ತೆ’ ಅಂತ ತುಳುವಿನಲ್ಲಿ ಹೇಳುತ್ತಾ ಒಳಗೆ ಬರುತ್ತಿದ್ದಳು. ಮೇ ತಿಂಗಳಲ್ಲಿ ಹೋದಳು. ಮುಂದಿನ ಆಗಸ್ಟಿಗೆ ಬರಲಿಲ್ಲ. ಎಲ್ಲಿ ಹೋದಳೋ ಗೊತ್ತಿಲ್ಲ. ಆಮೇಲೆ ಮೇಲಿನವರು ಕೇಳಿದ್ದು, ‘ನಿಮ್ಮ ಶಾಲೆಯಲ್ಲಿ ಒಂದು ಮಗು ಯಾಕೆ ಕಡಿಮೆ?’

ಇದರ ಮೇಲೆ ಇಂಗ್ಲಿಷ್. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು, ಆಮೇಲೆ ಹೆಚ್ಚಾಗುತ್ತಾ ಬಂತು. ಜನರಿಗೆ ಬೇಕು, ಕೊಟ್ಟರು. ಕಲಿಸುವವರು ಯಾರು? ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿ ಮಾಡಿ, ಇಪ್ಪತ್ತು ವರ್ಷ ಕನ್ನಡದಲ್ಲೇ ಗಣಿತ ಹೇಳಿದ ನಮ್ಮಂಥವರು. ಕೆಲವು ದಿನದ ತರಬೇತಿ ಕೊಟ್ಟರು. ನನ್ನ ಗೆಳತಿಯೊಬ್ಬರು ಅದೇ ಕಳೆಯುವ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ‘ಬಾರೋ’ ಅಂದರಂತೆ. ಪಕ್ಕದ ಹತ್ತರಿಂದ ಸಾಲ ತೆಗೆದುಕೋ ಅಂತ. ಮುಂದಿನ ಬೆಂಚಿನ ಹುಡುಗ ಎದ್ದು ಅವರ ಹತ್ತಿರ ಬಂದು ನಿಂತನಂತೆ. ನಾವು ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ನನ್ನ ಮಗನನ್ನು ನಾನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹಾಕಿದ್ದೆ. ಹಳದಿ ಬಸ್ ಮನೆ ಮುಂದೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಿತ್ತು. ನಾನು ಅದರ ಹಿಂದಿನ ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಹೋಗುತ್ತಿದ್ದೆ. ದಾಖಲಾತಿ ಆಂದೋಲನಕ್ಕೆ ಮನೆ ಮನೆಗೆ ಹೋದಾಗ ಒಬ್ಬ ತಂದೆ ಕೇಳಿದರು, ‘ಟೀಚರ್, ನಿಮ್ಮ ಹುಡುಗ ಯಾವ ಶಾಲೆ?’ ನಾನು ಮಳೆ ಬರುವ ಹಾಗಿದೆ ಅಂತ ಏನೋ ಹೇಳಿ ಗೇಟು ದಾಟಿದೆ. ನಮ್ಮ ಸಂಬಳ, ನಮ್ಮ ಸಂಘ, ನಮ್ಮ ಬಡ್ತಿ ಬಗ್ಗೆ ನಾವು ಗಟ್ಟಿಯಾಗಿ ಮಾತಾಡುತ್ತೇವೆ. ಈ ಪ್ರಶ್ನೆಗೆ ಮಾತ್ರ ನಮ್ಮ ಗಂಟಲು ಕಟ್ಟುತ್ತದೆ. ಸರ್ಕಾರದ್ದೂ ಅದೇ ಕತೆ. 2012ರಿಂದ ಏಳು ವರ್ಷ ಶಿಕ್ಷಣ ಹಕ್ಕಿನ 25 ಶೇಕಡಾ ಸೀಟಿನ ಲೆಕ್ಕದಲ್ಲಿ ಸರ್ಕಾರವೇ ಫೀಸು ಕಟ್ಟಿ ನಮ್ಮ ಪಕ್ಕದ ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸಿತು. 2019ರಲ್ಲಿ ನಿಯಮ ಬದಲಾಯಿಸಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಅದು ಇಲ್ಲ ಅಂದರು. ಅಷ್ಟರಲ್ಲಿ ಊರಿಗೆ ಅಭ್ಯಾಸ ಆಗಿತ್ತು.

ಮಕ್ಕಳು ಕಡಿಮೆಯಾದರೆ ಏನಾಗುತ್ತದೆ ಗೊತ್ತಾ? ಒಬ್ಬ ಟೀಚರ್ ‘ಹೆಚ್ಚುವರಿ’ ಆಗುತ್ತಾರೆ. ಕೌನ್ಸೆಲಿಂಗ್‌ನಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಉಳಿದವರು ಒಬ್ಬರು ಅಥವಾ ಇಬ್ಬರು, ಕ್ಲಾಸು ಐದು. ಅವರಲ್ಲಿ ಒಬ್ಬರಿಗೆ ತರಬೇತಿ, ಇನ್ನೊಬ್ಬರಿಗೆ ಮೀಟಿಂಗ್. ‘ಅಲ್ಲಿ ಟೀಚರೇ ಇಲ್ಲ’ ಅಂತ ಊರಿನವರು ಇನ್ನೂ ನಾಲ್ಕು ಮಕ್ಕಳನ್ನು ಬಿಡಿಸುತ್ತಾರೆ. ಮುಂದಿನ ವರ್ಷ ಮತ್ತೆ ಲೆಕ್ಕ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕಿ ಬರುತ್ತಾರೆ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಗೆ ತಿಂಗಳಿಗೆ 12,000. ಬಿಎಡ್ ಮಾಡಿದ ಹುಡುಗಿ, ಎಪ್ರಿಲ್ ಮೇ ತಿಂಗಳಿಗೆ ಅದೂ ಇಲ್ಲ. ಅವಳು ಮಣಿಪಾಲದಲ್ಲಿ ಬಟ್ಟೆ ಅಂಗಡಿಗೆ ಹೋದರೆ ಯಾರು ತಡೆಯುವುದು?

ಇಂಥ ಒಂದು ಶಾಲೆಯ ಶತಮಾನೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಮೂರು ದಿನ ಕಾರ್ಯಕ್ರಮ. ಚೆಂಡೆ, ಮೆರವಣಿಗೆ, ರಾತ್ರಿ ಇಡೀ ಯಕ್ಷಗಾನ. ಮುಂಬೈಯಿಂದ, ದುಬೈಯಿಂದ ಜನ ಬಂದಿದ್ದರು. ರಸ್ತೆ ಬದಿಗೆ ಹೊಸ ಕಮಾನು, ಕಮಾನಿನ ಎರಡೂ ಕಂಬದಲ್ಲಿ ದಾನಿಗಳ ಹೆಸರು. ಭಾಷಣ ಉದ್ದ ಆಯಿತು, ನಾನು ಸುಮ್ನೆ ವೇದಿಕೆಯ ಕುರ್ಚಿ ಎಣಿಸಿದೆ. 31. ಶಾಲೆಯ ಮಕ್ಕಳು 19. ಇವತ್ತು ಈ ವೇದಿಕೆಯಲ್ಲಿ ಏಳೇ ಕುರ್ಚಿ ಹಾಕಿದ್ದೀರಿ, ಸಂತೋಷ.

ನಮ್ಮ ಜಿಲ್ಲೆಗಳ ಹೆಸರು ದೊಡ್ಡದು ಅಂತ ನೀವು ಹೇಳಬಹುದು. ಹೌದು. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ 91.12 ಶೇಕಡಾ ಬಂದು ಮೊದಲು, ಉಡುಪಿ 89.96 ಬಂದು ಎರಡನೆಯದು. ಅದರ ಹಿಂದಿನ ವರ್ಷ ಉಡುಪಿಯೇ ಮೊದಲು. ಆ ಫಲಿತಾಂಶಕ್ಕೆ ಹೈಸ್ಕೂಲಿನವರು ಬೆಳಗ್ಗೆ ಸಂಜೆ ವಿಶೇಷ ತರಗತಿ ಮಾಡಿ ಬೆವರು ಸುರಿಸಿದ್ದಾರೆ, ನಾನು ಸಣ್ಣದು ಮಾಡುವುದಿಲ್ಲ. ಆದರೆ ಮೂರನೇ ಕ್ಲಾಸಿನಲ್ಲಿ ರಬ್ಬರ್ ಬಿಚ್ಚದೆ ಉಳಿದ ಮಗು ಹತ್ತನೇ ಕ್ಲಾಸಿನಲ್ಲೂ ಅದೇ ಗಂಟು ಹಿಡಿದುಕೊಂಡು ಕೂತಿರುತ್ತದೆ.

ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅದರ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐದು ವರ್ಷಕ್ಕಿಂತ ಜಾಸ್ತಿ ಸೇವೆ ಬಾಕಿ ಇರುವ ಹಳೆ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ನಾನು ಬಚಾವಾದೆ. ನನಗಿಂತ ಹತ್ತು ವರ್ಷ ಸಣ್ಣವರು ಈಗ ರಾತ್ರಿ ಮಗಳ ಜೊತೆ ಕೂತು ಓದುತ್ತಿದ್ದಾರೆ. ಮಗಳಿಗೆ ಪಿಯುಸಿ, ಅಮ್ಮನಿಗೆ ಟಿಇಟಿ. ಪರೀಕ್ಷೆ ಬರೆಯಲಿಕ್ಕೆ ಟೀಚರ್ ಹೆದರಬಾರದು ಅಂತ ನನ್ನ ಅಭಿಪ್ರಾಯ. ನನ್ನ ಜೊತೆಗಿದ್ದವರು ಇದಕ್ಕೆ ಒಪ್ಪುವುದಿಲ್ಲ.

ಮಳೆಯ ಮಾತು ಬಿಟ್ಟರೆ ಇದು ನಮ್ಮ ಊರಿನ ಭಾಷಣ ಆಗುವುದಿಲ್ಲ. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಮಕ್ಕಳು ಕುಣಿಯುತ್ತಾರೆ, ಮತ್ತೆ ಶನಿವಾರ ಮಧ್ಯಾಹ್ನ ಕೂತು ತೀರಿಸಬೇಕು. ಅದು ದೊಡ್ಡದಲ್ಲ. ರಜೆ ಕೊಡದ ದಿನ ಮಧ್ಯಾಹ್ನ ಮಳೆ ಜೋರಾದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಮಗು ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕ ಅನ್ನುವ ಸಣ್ಣ ಸೇತುವೆಯಿಂದ ನೀರಿಗೆ ಬಿದ್ದು ತೀರಿಹೋಯಿತು. ಆ ಸುದ್ದಿ ಓದಿದ ಮೇಲೆ ನಾನು ನಮ್ಮ ಶಾಲೆಯ ಸಂಕದ ಹತ್ತಿರ ದಿನಾ ನಿಂತು ಒಬ್ಬೊಬ್ಬರನ್ನೇ ದಾಟಿಸುತ್ತಿದ್ದೆ. ಇದು ಕಲಂ 27ರಲ್ಲಿ ಬರುತ್ತದಾ ಇಲ್ವಾ ಅಂತ ನಾನು ನೋಡಲಿಲ್ಲ. ಬೇರೆ ಎಲ್ಲ ಕೆಲಸಕ್ಕೂ ಗೊಣಗಿದ್ದೇನೆ, ಇದಕ್ಕೆ ಗೊಣಗಲಿಲ್ಲ.

ಹರೇಕಳ ಹಾಜಬ್ಬರ ಹೆಸರು ನಿಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ಅವರ ಹೆಸರು ಹೇಳಿದರೆ ಎಲ್ಲ ಸಭೆಯಲ್ಲೂ ಚಪ್ಪಾಳೆ ಬೀಳುತ್ತದೆ, ನಾನೂ ಹೊಡೆಯುತ್ತೇನೆ. ಹೊಡೆಯುವಾಗೆಲ್ಲ ಒಂದು ವಿಷಯ ಮನಸ್ಸಿಗೆ ಬರುತ್ತದೆ. ಕಿತ್ತಳೆ ಮಾರುವವರು ಶಾಲೆ ಕಟ್ಟಬೇಕಾದ ಊರಿನಲ್ಲಿ ನಾವು ಉಳಿದವರೆಲ್ಲ ಏನು ಮಾಡುತ್ತಿದ್ದೆವು?

ಭಾಷಣ ಇಷ್ಟೇ. ಆಮೇಲೆ ಪ್ರಶ್ನೆಗೆ ಬಿಟ್ಟರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು, ಊರು ಬಿಟ್ಟು ಬೆಂಗಳೂರಿನಲ್ಲಿ ವ್ಯಾಪಾರ ಮಾಡುವವರು. ‘ಟೀಚರ್, ಈ ಶಾಲೆಗೆ ನಾವು ಏನಾದರೂ ಮಾಡಬೇಕು ಅಂತ ಉಂಟು. ಒಂದು ಸಭಾಭವನ ಕಟ್ಟಿಸುವಾ ಅಂತ ಲೆಕ್ಕ ಹಾಕಿದ್ದೇವೆ. ನೀವೇನು ಹೇಳುತ್ತೀರಿ?’

ನಾನು ಹೇಳಿದೆ, ಸಭಾಭವನ ಬೇಡ. ಒಬ್ಬಳು ಹುಡುಗಿಯನ್ನು ನೇಮಿಸಿ. ಕಂಪ್ಯೂಟರ್ ಗೊತ್ತಿರುವವಳು, ಊರಿನವಳೇ ಆದರೆ ಸಾಕು. ಅಕ್ಕಪಕ್ಕದ ಎರಡು ಶಾಲೆಗೆ ಸೇರಿ ಒಬ್ಬಳು, ಇಲ್ಲಿ ಮೂರು ದಿನ, ಅಲ್ಲಿ ಮೂರು ದಿನ. ಹಾಜರಿ, ಮೊಟ್ಟೆ, ಅಪಾರ್, ಶೌಚಾಲಯದ ಫೋಟೋ ಎಲ್ಲ ಅವಳು ಮಾಡಲಿ. ಸರ್ಕಾರ ಕೊಡಬೇಕಾದ್ದು ಇದು, ಕೇಳುತ್ತಾ ಇರುವಾ. ಕೊಡುವವರೆಗೆ ನೀವು ಕೊಡಿ. ಹತ್ತು ಜನ ಸೇರಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದೂವರೆ ಸಾವಿರ ಬೀಳಬಹುದು.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಅದೆಲ್ಲ ಸರಿ ಟೀಚರ್, ದಾನಿಗಳ ಹೆಸರು ಎಲ್ಲಿ ಬರೆಸುವುದು?’

‘ಹಾಜರಿ ಪುಸ್ತಕದ ರಟ್ಟಿನ ಮೇಲೆ ಬರೆಸುವಾ’ ಅಂದೆ. ಸಭೆ ನಕ್ಕಿತು. ಅವರೂ ನಕ್ಕರು. ಚಹಾ ಕುಡಿಯುವಾಗ ಹತ್ತಿರ ಬಂದು ನನ್ನ ನಂಬರ್ ತೆಗೆದುಕೊಂಡು ಹೋಗಿದ್ದಾರೆ.